ತಲೆ ಆಡಿಸಿದ ಕಟಿಂಗ್ ಮಾವ

"ಡಾಕ್ಟರು ಏನಂದ್ರು?"

"ಎಲ್ಲಾ ಹೇಳಿದ್ರು."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ."

ಈ ಮಾತು ನಿಮ್ಮ ಮನೆಯಲ್ಲೂ ನಡೆದಿರುತ್ತದೆ. ಆಸ್ಪತ್ರೆಗೆ ಹೋಗಿ ಬಂದವರು ಚಪ್ಪಲಿ ಬಿಡುವ ಮೊದಲೇ ಮನೆಯವರು ಕೇಳುತ್ತಾರೆ. ಬಂದವರ ಉತ್ತರ ಮಾತ್ರ ಇಷ್ಟೇ. ನಮ್ಮ ಬೀದಿಯ ಕಟಿಂಗ್ ಮಾವನೂ ಹೆಂಡತಿಗೆ, ಅಂದರೆ ನಮ್ಮೆಲ್ಲರ ಅತ್ತೆಗೆ, ಹೇಳಿದ್ದು ಇಷ್ಟನ್ನೇ.

ಬೀದಿಯ ತಿರುವಿನಲ್ಲಿ ಮಾವನ ಕಟಿಂಗ್ ಅಂಗಡಿ ಇದೆ. ಅಲ್ಲಿ ಅವರ ಕತ್ತರಿಗಿಂತ ಬಾಯಿಯೇ ಜೋರು. ಕುರ್ಚಿಯಲ್ಲಿ ಯಾರೇ ಕೂತಿರಲಿ, "ತಲೆ ಆಡಿಸಬೇಡಿ, ಬಾಯಲ್ಲಿ ಹೇಳಿ" ಅಂತ ಗದರುವವರು ಅವರು. ಆದರೆ ಬಿಳಿ ಕೋಟು ಕಂಡರೆ ಸಾಕು, ಅದೇ ಬಾಯಿಗೆ ಬೀಗ ಬೀಳುತ್ತಿತ್ತು. ಡಾಕ್ಟರು ಏನೇ ಹೇಳಲಿ, ಮಾವನ ತಲೆಯೊಂದೇ ಆಡುತ್ತಿತ್ತು.

ದಿನವಿಡೀ ನಿಂತು ಕೆಲಸ ಮಾಡುವ ಮಾವನಿಗೆ ಬಲಗಡೆ ತೊಡೆಸಂದಿಯಲ್ಲಿ ಊದಿಕೊಂಡಿತ್ತು. ಪರೀಕ್ಷೆ ಮಾಡಿದ ಡಾಕ್ಟರು ಹರ್ನಿಯಾ ಅಂದರು. ಹೊಟ್ಟೆಯ ಗೋಡೆ ಒಂದು ಕಡೆ ಸಡಿಲವಾಗಿ ಕರುಳು ಹೊರಕ್ಕೆ ಉಬ್ಬಿದೆಯಂತೆ.

"ಆಪರೇಷನ್ ಮಾಡಿದ್ರೆ ಸರಿಹೋಗುತ್ತೆ. ಹಾಗೇ ಬಿಟ್ರೆ ಯಾವತ್ತಾದ್ರೂ ಕರುಳು ಅಲ್ಲೇ ಸಿಕ್ಕಿಹಾಕ್ಕೊಂಡು ಪ್ರಾಣಕ್ಕೇ ಕುತ್ತು ಬರಬಹುದು" ಅಂದರು ಡಾಕ್ಟರು.

ಮಾವ ತಲೆ ಆಡಿಸಿ ಆಸ್ಪತ್ರೆಗೆ ಸೇರಿಕೊಂಡರು.

ಆಪರೇಷನ್ನಿನ ದಿನ ಬೆಳಿಗ್ಗೆ ವಾರ್ಡಿಗೆ ತಿಂಡಿ ಗಾಡಿ ಬಂತು. ಗಾಡಿ ತಳ್ಳುವ ಅಕ್ಕ ಒಳ್ಳೆಯ ಮನಸ್ಸಿನವರು. "ತಗೊಳ್ಳಿ ಯಜಮಾನ್ರೇ, ಆರಿಹೋಗುತ್ತೆ" ಅಂತ ಬ್ರೆಡ್ಡನ್ನೂ ಬಿಸಿ ಹಾಲನ್ನೂ ಕೊಟ್ಟರು. ಮಾವ ಬ್ರೆಡ್ಡನ್ನು ಹಾಲಿಗೆ ಅದ್ದಿ ಅದ್ದಿ ತಿಂದರು. ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಅವರನ್ನು ಕರೆದೊಯ್ಯಲು ಸ್ಟ್ರೆಚರ್ ಬಂತು. ಜೊತೆಗೆ ಬಂದ ನರ್ಸು ಖಾಲಿ ಲೋಟ ನೋಡಿ ಕೇಳಿದರು, "ಏನಾದ್ರೂ ತಿಂದ್ರಾ?"

ಮಾವ ತೃಪ್ತಿಯಿಂದ ತಲೆ ಆಡಿಸಿದರು.

ಸ್ಟ್ರೆಚರ್ ಖಾಲಿಯೇ ಹಿಂದಕ್ಕೆ ಹೋಯಿತು. ಆಪರೇಷನ್ ನಿಂತಿತು.

ಅತ್ತೆಗೆ ಎಲ್ಲಿಲ್ಲದ ಸಿಟ್ಟು ಬಂತು. "ಕೊಟ್ಟೋರೂ ನೀವೇ, ತಿಂದಿದ್ದು ತಪ್ಪು ಅನ್ನೋರೂ ನೀವೇ. ಇದ್ಯಾವ ನ್ಯಾಯ? ರೀ, ನಡೀರಿ ಮನೆಗೆ. ಇವರ ಸಹವಾಸವೂ ಬೇಡ, ಇವರ ಆಪರೇಷನ್ನೂ ಬೇಡ."

ಮಾವ ಅದಕ್ಕೂ ತಲೆ ಆಡಿಸಿದರು.

ಅತ್ತೆ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತಿದ್ದಾಗ ವಾರ್ಡಿನ ದೊಡ್ಡ ಸಿಸ್ಟರ್ ಬಂದರು. ನಿಂತುಕೊಂಡು ಉಪದೇಶ ಮಾಡಲಿಲ್ಲ. ಸ್ಟೂಲ್ ಎಳೆದುಕೊಂಡು ಮಂಚದ ಪಕ್ಕ ಕೂತರು.

"ಬೈಯೋದಿದ್ರೆ ನನಗೆ ಬೈಯಿರಿ ಅಮ್ಮ. ಆಪರೇಷನ್ ಇರೋರಿಗೆ ಏನೂ ಕೊಡಬಾರದು ಅಂತ ಪಾಪ, ಗಾಡಿ ಅಕ್ಕಂಗೆ ಯಾರೂ ಹೇಳೇ ಇಲ್ಲ. ಡಾಕ್ಟರು ನಮ್ಮ ನರ್ಸ್‌ಗೆ ಹೇಳಿದ್ರು, ಅವಳು ಹೂಂ ಅಂದ್ಲು. ಆಮೇಲೆ ಪಾಳಿ ಬದಲಾಯ್ತು. ಬಂದೋಳಿಗೆ ಗೊತ್ತಿರುತ್ತೆ ಅಂತ ಹೋದೋಳು ಅಂದ್ಕೊಂಡ್ಲು. ಅಡುಗೆಮನೆಗೆ ಹೇಳಿರ್ತಾರೆ ಅಂತ ಬಂದೋಳು ಅಂದ್ಕೊಂಡ್ಲು. ತಪ್ಪು ನಮ್ಮದು."

ಆಸ್ಪತ್ರೆಯವರ ಬಾಯಲ್ಲಿ "ತಪ್ಪು ನಮ್ಮದು" ಅನ್ನುವ ಮಾತನ್ನು ಅತ್ತೆ ಕೇಳಿದ್ದು ಅದೇ ಮೊದಲು. ಅವರು ಚೀಲವನ್ನು ಮಂಚದ ಮೇಲಿಟ್ಟರು.

"ಆದ್ರೆ ಯಜಮಾನ್ರೇ, ಏನೂ ತಗೋಬೇಡಿ ಅಂತ ಡಾಕ್ಟರು ನಿಮಗೂ ಹೇಳಿದ್ರಲ್ಲ?"

ಮಾವ ತಲೆ ಕೆರೆದುಕೊಂಡರು. "ಹೇಳಿದ್ರು ಅನ್ಸುತ್ತೆ ಸಿಸ್ಟರ್. ಬಹಳ ಹೇಳಿದ್ರು, ಬೇಗಬೇಗ ಹೇಳಿದ್ರು. ಮಧ್ಯ ಬಾಯಿ ಹಾಕಿದ್ರೆ ದಡ್ಡ ಅಂದ್ಕೋತಾರೆ ಅಂತ ಹೂಂ ಅಂದೆ."

"ನಿಮ್ಮದು ಕಟಿಂಗ್ ಅಂಗಡಿಯಂತಲ್ಲ, ಅಲ್ಲಿ ಯಾರಾದ್ರೂ ಸುಮ್ನೆ ತಲೆ ಆಡಿಸಿದ್ರೆ ಕತ್ತರಿ ಹಾಕ್ತೀರಾ?"

ಮಾವ ನೆಟ್ಟಗೆ ಕೂತರು. "ಛೆ, ಎಲ್ಲಾದ್ರೂ ಉಂಟಾ. ಪಕ್ಕದಲ್ಲಿ ಸಣ್ಣಗೆ, ಮೇಲೆ ಹಾಗೇ ಇರಲಿ, ಮೀಸೆ ಮುಟ್ಟಲ್ಲ, ಸರಿನಾ ಅಂತ ಬಿಡಿಸಿ ಕೇಳ್ತೀನಿ."

"ಈಗ ಕೇಳ್ತಾರೆ ಸಿಸ್ಟರಮ್ಮ" ಅಂದರು ಅತ್ತೆ. "ಮೊದಲು ಹಾಗಿರ್ಲಿಲ್ಲ. ಡ್ರಾಯಿಂಗ್ ಮೇಷ್ಟ್ರು ಕುರ್ಚೀಲಿ ತೂಕಡಿಸ್ತಾ ಇದ್ರು. ಮೀಸೆ ತೆಗೀಲಾ ಅಂದ್ರು ಇವರು. ನಿದ್ದೇಲಿ ಅವರ ತಲೆ ಬಾಗ್ತು. ಇವರು ತೆಗೆದೇಬಿಟ್ರು. ಮೇಷ್ಟ್ರ ಮಗು ಒಂದು ವಾರ ಅಪ್ಪನ ಹತ್ರ ಬರ್ಲಿಲ್ಲ."

ಪಕ್ಕದ ಮಂಚದವರೂ ನಕ್ಕರು. ಮಾವನೂ ನಕ್ಕರು.

"ಮೀಸೆ ಆದ್ರೆ ಮತ್ತೆ ಬೆಳೆಯುತ್ತೆ" ಅಂದರು ಸಿಸ್ಟರ್. "ನಮ್ಮ ಕೆಲಸ ಹಾಗಲ್ವಲ್ಲ. ಅದಕ್ಕೇ ಇನ್ಮೇಲೆ ನಾವು ಹೇಳಿದ್ದನ್ನ ನೀವು ನಿಮ್ಮ ಮಾತಲ್ಲಿ ತಿರುಗಿ ಹೇಳ್ಬೇಕು."

"ಈ ವಯಸ್ಸಲ್ಲಿ ಸ್ಕೂಲ್ ಮಕ್ಕಳ ಥರ ಪಾಠ ಒಪ್ಪಿಸ್ಲಾ?"

"ಪರೀಕ್ಷೆ ನಿಮಗಲ್ಲ ಯಜಮಾನ್ರೇ, ನನಗೆ. ನೀವು ತಪ್ಪು ಹೇಳಿದ್ರೆ ನಾನು ಸರಿಯಾಗಿ ಹೇಳಿಲ್ಲ ಅಂತ ಅರ್ಥ. ಈಗ್ಲೇ ಶುರು ಮಾಡೋಣ. ಬೆಳಿಗ್ಗೆ ಎದ್ದಾಗಿಂದ ಮನೇಲಿ ಏನೇನು ತಗೋತೀರಿ, ಹೇಳಿ ನೋಡೋಣ."

ಮಾವನಿಗೆ ಉತ್ಸಾಹ ಬಂತು. "ಏಳ್ತೀನಿ. ಹಲ್ಲು ಉಜ್ತೀನಿ. ಆ ಪುಟ್ಟ ಮಾತ್ರೆ ನುಂಗ್ತೀನಿ. ಟೀ ಕುಡೀತೀನಿ. ಇವಳ ಹತ್ರ ಬೈಸ್ಕೋತೀನಿ. ಆಮೇಲೆ ತಿಂಡಿ..."

"ನಿಲ್ಲಿ" ಅಂದರು ಸಿಸ್ಟರ್. "ಯಾವ ಪುಟ್ಟ ಮಾತ್ರೆ?"

ಅತ್ತೆ ಚೀಲದಿಂದ ಮಾತ್ರೆಯ ಹಾಳೆ ತೆಗೆದುಕೊಟ್ಟರು. ಹಿಂದೊಮ್ಮೆ ಎದೆನೋವು ಬಂದಾಗ ಹೃದಯದ ಡಾಕ್ಟರು ಕೊಟ್ಟಿದ್ದು. ಹಲ್ಲುಜ್ಜಿದಷ್ಟೇ ಅಭ್ಯಾಸವಾಗಿದ್ದರಿಂದ ಅದು ಔಷಧಿ ಅನ್ನುವುದೇ ಮಾವನಿಗೆ ಮರೆತುಹೋಗಿತ್ತು. ಹಾಳೆ ನೋಡಿದ ಸಿಸ್ಟರ್ ಕೂಡಲೇ ಎದ್ದು ಹೋಗಿ ಡಾಕ್ಟರನ್ನು ಕರೆತಂದರು.

ಡಾಕ್ಟರ ಮುಖ ಗಂಭೀರವಾಯಿತು. "ಇದು ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಮಾತ್ರೆ. ಇದು ಗೊತ್ತಿಲ್ದೆ ಇವತ್ತು ಆಪರೇಷನ್ ಮಾಡಿದ್ರೆ ರಕ್ತ ನಿಲ್ಲಿಸೋದೇ ಕಷ್ಟ ಆಗ್ತಿತ್ತು. ಬೇರೆ ಮಾತ್ರೆ ಏನೂ ಇಲ್ಲ ತಾನೆ ಅಂತ ಕೇಳಿದ್ನಲ್ಲ?"

"ಕೇಳಿದ್ರಿ ಸಾರ್. ಹೂಂ ಅಂದೆ."

ಡಾಕ್ಟರು ಮಾತ್ರೆಯ ಹಾಳೆಯನ್ನು ಸಿಸ್ಟರ್ ಕೈಗೆ ಕೊಟ್ಟರು. "ಇಲ್ಲ ತಾನೆ ಅಂತ ಕೇಳಿದ್ರೆ ಯಾರು ತಾನೇ ಇದೆ ಅಂತಾರೆ? ನಾನು ಕೇಳಿದ್ದೇ ಸರಿ ಇರ್ಲಿಲ್ಲ."

"ಹಂಗಾದ್ರೆ ಆ ಬ್ರೆಡ್ಡೇ ನನ್ನನ್ನ ಉಳಿಸಿದ್ದು" ಅಂದರು ಮಾವ.

"ಈ ಸಲ ಉಳಿಸ್ತು. ಪ್ರತಿ ಸಲ ಬ್ರೆಡ್ಡು ಬಂದು ಕಾಪಾಡಲ್ಲ" ಅಂದರು ಡಾಕ್ಟರು.

ಅತ್ತೆ ಚೀಲದಿಂದ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದರು. ಮನೆಗೆ ಹೋಗುವ ಮಾತು ಅಲ್ಲಿಗೆ ಮುಗಿಯಿತು.

ಡಾಕ್ಟರು ಹೃದಯದ ಡಾಕ್ಟರ ಜೊತೆ ಮಾತಾಡಿ ಹೊಸ ದಿನ ಗೊತ್ತುಮಾಡಿದರು. ಆ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು ಮಾಡಬೇಕು ಅನ್ನುವುದನ್ನೂ ಹೇಳಿದರು. ಆಮೇಲೆ ಮಾವನ ಮುಖ ನೋಡಿದರು. ಮಾವನ ತಲೆ ಇನ್ನೇನು ಆಡುವುದರಲ್ಲಿತ್ತು. ಅತ್ತೆ ತಿವಿದರು.

"ಹೇಳ್ತೀನಿ, ಹೇಳ್ತೀನಿ" ಅಂದರು ಮಾವ. "ನೀವು ಹೇಳಿದ ದಿನದಿಂದ ಮಾತ್ರೆ ನಿಲ್ಲಿಸ್ತೀನಿ. ನಾನಾಗೇ ಅದಕ್ಕೆ ಮುಂಚೆ ನಿಲ್ಲಿಸಲ್ಲ. ಆಪರೇಷನ್ ದಿನ ಊಟ ಇಲ್ಲ, ತಿಂಡಿ ಇಲ್ಲ. ಒಂದೇ ಒಂದು ಟೀ."

"ಟೀನೂ ಇಲ್ಲ" ಅಂದರು ಸಿಸ್ಟರ್.

"ಟೀಯಿಂದ ಏನಾಗುತ್ತೆ?" ಗೊತ್ತಾಗದ್ದನ್ನು ಮಾವ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು.

"ಪ್ರಜ್ಞೆ ತಪ್ಪಿಸೋ ಔಷಧಿ ಕೊಟ್ಟಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಅಪಾಯ. ಅದಕ್ಕೇ ಹೊಟ್ಟೆ ಖಾಲಿ ಇರ್ಬೇಕು."

"ಇದನ್ನ ಮೊದಲೇ ಹೀಗೆ ಹೇಳಿದ್ರೆ ಆ ಬ್ರೆಡ್ಡನ್ನ ಮೂಸಿಯೂ ನೋಡ್ತಿರ್ಲಿಲ್ಲ."

ಗೊತ್ತುಮಾಡಿದ ದಿನ ತಿಂಡಿ ಗಾಡಿ ಮತ್ತೆ ಬಂತು. ಈಗ ಪಾಳಿ ಬದಲಾಗುವಾಗ ಹೋಗುವವರು ಬರುವವರಿಗೆ ಮಂಚದ ಹತ್ತಿರವೇ ನಿಂತು ಹೇಳುತ್ತಿದ್ದರು. ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳುತ್ತಿದ್ದರು. ಗಾಡಿ ಅಕ್ಕನಿಗೂ ಸುದ್ದಿ ಮುಟ್ಟಿತ್ತು. ಅವರು ಮಾವನ ಮಂಚದ ಮುಂದೆ ನಿಂತು ಕೇಳಿದರು, "ಯಜಮಾನ್ರೇ, ಇವತ್ತು ಏನು ಕೊಡ್ಲಿ?"

"ಏನೂ ಬೇಡ ತಾಯಿ. ಆ ಹಾಲಿನ ವಾಸನೆ ಸ್ವಲ್ಪ ಆ ಕಡೆ ತಳ್ಳಿದ್ರೆ ದೊಡ್ಡ ಉಪಕಾರ."

ಆಪರೇಷನ್ ಕೋಣೆಯಲ್ಲಿ ಡಾಕ್ಟರು ಕೇಳಿದರು, "ಇವತ್ತು ಏನು ಮಾಡ್ತೀವಿ, ನೀವೇ ಹೇಳಿ."

"ಹರ್ನಿಯಾ ಆಪರೇಷನ್ನು. ಬಲಗಡೆ. ಮೀಸೆ ಮುಟ್ಟಲ್ಲ."

ಮುಖಕ್ಕೆ ಮಾಸ್ಕ್ ಹಾಕಿದ್ದವರೆಲ್ಲ ನಕ್ಕರು. ಆಪರೇಷನ್ ಸಲೀಸಾಗಿ ಮುಗಿಯಿತು.

ಮನೆಗೆ ಬಂದ ದಿನ ಅತ್ತೆ ಬೇಕೆಂದೇ ಕೇಳಿದರು, "ಡಾಕ್ಟರು ಏನಂದ್ರು?"

ಮಾವ ಶುರುಮಾಡಿದರು. ಭಾರ ಎತ್ತಬಾರದು, ಗಾಯ ಒದ್ದೆ ಮಾಡಬಾರದು, ಜ್ವರ ಬಂದರೆ ಅಥವಾ ಗಾಯ ಕೆಂಪಾಗಿ ಊದಿದರೆ ತಕ್ಷಣ ಹೋಗಬೇಕು, ಪುಟ್ಟ ಮಾತ್ರೆ ಯಾವ ದಿನದಿಂದ ಮತ್ತೆ ಶುರು ಮಾಡಬೇಕು. ಮುಗಿಸಿ, ಮತ್ತೆ ಮೊದಲಿಂದ ಶುರುಮಾಡಿದರು.

"ಸಾಕು ಮಾರಾಯ್ರೇ" ಅಂದರು ಅತ್ತೆ. "ಗೊತ್ತಾಯ್ತು."

"ಗೊತ್ತಾಯ್ತು ಅಂದ್ರೆ ಆಗಲ್ಲ. ತಿರುಗಿ ಹೇಳು."

ಓದುತ್ತಿರುವವರೇ, ಕೇಳುತ್ತಿರುವವರೇ, ಡಾಕ್ಟರ ಮುಂದೆ ಕೂತಾಗ ನಾಚಿಕೆಪಟ್ಟು ಹೂಂ ಅನ್ನಬೇಡಿ. ಗೊತ್ತಾಗದಿದ್ದರೆ ಕೇಳಿ. ನುಂಗುವ ಮಾತ್ರೆಗಳನ್ನೆಲ್ಲ ತೆಗೆದುಕೊಂಡು ಹೋಗಿ ತೋರಿಸಿ. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಅವರಿಗೇ ತಿರುಗಿ ಹೇಳಿ. ಆಸ್ಪತ್ರೆಯಲ್ಲಿ ದುಡಿಯುವ ಅಣ್ಣ ಅಕ್ಕಂದಿರೇ, ನೀವೂ ಒಂದು ನಿಮಿಷ ಕೂತು ಕೇಳಿಸಿಕೊಳ್ಳಿ. ನಿಮ್ಮ ನಿಮ್ಮೊಳಗೂ ಬರೀ ಹೂಂ ಅಂದರೆ ಒಪ್ಪಬೇಡಿ.

ಈಗ ಪಕ್ಕದಲ್ಲಿ ಕೂತವರ ಕಡೆ ತಿರುಗಿ, ಈ ಕಥೆಯಲ್ಲಿ ಏನಾಯಿತು ಅಂತ ಹೇಳಿ ನೋಡೋಣ. ತಲೆ ಆಡಿಸಬೇಡಿ, ಬಾಯಲ್ಲಿ ಹೇಳಿ.