ಹೂಲಿಯ ಕಲ್ಲಿಗೆ ಹಚ್ಚಿದ ಬಣ್ಣ

ಹೂಲಿಯ ಮಹಾಂತಪ್ಪನಿಗೂ ಕಟಕೋಳದ ಅಂದಾನೆಪ್ಪನಿಗೂ ಮುಪ್ಪು ಬಂದು ಮುಟ್ಟಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಇಬ್ಬರದೂ ಒಂದೇ ಮನೆತನ. ಯಾವುದೋ ಕಾಲದಲ್ಲಿ ಅಣ್ಣತಮ್ಮಂದಿರು ಪಾಲಾಗಿ, ಒಬ್ಬ ಹೂಲಿಯಲ್ಲಿ, ಇನ್ನೊಬ್ಬ ಕಟಕೋಳದಲ್ಲಿ ಮನೆ ಹಿಡಿದರು. ಅಣ್ಣ ಯಾವ ಊರಲ್ಲಿ, ತಮ್ಮ ಯಾವ ಊರಲ್ಲಿ ಎಂಬುದನ್ನು ಮಾತ್ರ ಯಾರೂ ಹೇಳಿ ಹೋಗಲಿಲ್ಲ. ಮದುವೆಯಲ್ಲಿ ಮೊದಲ ಎಲೆಯಡಿಕೆ ಅಣ್ಣನ ಕವಲಿಗೆ ಸಲ್ಲಬೇಕು. ಹೀಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿತಪ್ಪಿಯೂ ‘ಅಣ್ಣಾ’ ಅಂದವರಲ್ಲ. ‘ಹೂಲಿಯವರ’, ‘ಕಟಕೋಳದವರ’ ಎನ್ನುತ್ತಲೇ ಕೂದಲು ಬೆಳ್ಳಗಾದವು.

ಸವದತ್ತಿಯ ಉಮಾಶ್ರೀಗೆ ಇಬ್ಬರೂ ಅಜ್ಜಂದಿರೇ. ಅವಳ ಅಪ್ಪನ ಅಪ್ಪ ಕಟಕೋಳದಲ್ಲಿ ಹುಟ್ಟಿ ಹೂಲಿಗೆ ದತ್ತಕ ಹೋದವನು. ಆ ಪುಣ್ಯಕ್ಕೆ ಮೊಮ್ಮಕ್ಕಳು ಎರಡೂ ಕಡೆಯ ಸಿಟ್ಟು ಉಣ್ಣಬೇಕಾಗಿತ್ತು. ಐದು ವರ್ಷದ ಹಿಂದೆ ಅಕ್ಕ ಮೀನಾಳ ಮದುವೆಯಲ್ಲಿ ಮೊದಲ ಎಲೆಯಡಿಕೆ ಹೂಲಿಗೆ ಹೋಯಿತು, ಅಂದಾನೆಪ್ಪ ಬಡಿಸಿದ್ದನ್ನು ಬಿಟ್ಟು ಎದ್ದು ನಡೆದ. ರಾಮದುರ್ಗದಲ್ಲಿ ಮೀನಾಳ ಅತ್ತೆ ಪದ್ಮವ್ವ ಅದನ್ನು ಇನ್ನೂ ಮರೆತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದಾಗಲೆಲ್ಲ, “ಇದಕ್ಕನ ನಿಮ್ಮ ಮಂದಿ ಲಗ್ನದಾಗ ಉಣ್ಣದ ಎದ್ದ ಹೋದ್ರೇನವಾ?” ಎನ್ನುತ್ತಿದ್ದಳು.

೧೯೯೮ರಲ್ಲಿ ಉಮಾಶ್ರೀಗೆ ಬೈಲಹೊಂಗಲದ ವರ ಗೊತ್ತಾದಾಗ ತಾಯಿ ಸಾವಿತ್ರೆವ್ವ ಒಂದೇ ಮಾತು ಹೇಳಿದಳು: “ಇಬ್ಬರೂ ಬರಬೇಕು, ಇಬ್ಬರೂ ಉಣಬೇಕು. ಇಲ್ಲಾಂದ್ರ ನಿನಗೂ ಸಾಯೂತನಕ ಅದ ಸಾರು, ಅದ ಉಪ್ಪು.”

ಉಮಾಶ್ರೀ ಧಾರವಾಡದ ಹಾಸ್ಟೆಲಿನಲ್ಲಿದ್ದು ಇತಿಹಾಸ ಓದುತ್ತಿದ್ದವಳು. ಜಗಳಕ್ಕೂ ಒಂದು ಇಸವಿ ಇರುತ್ತದೆ, ಇಸವಿ ಹಿಡಿದರೆ ಜಗಳ ಹರಿಯುತ್ತದೆ ಎಂದು ನಂಬುವ ವಯಸ್ಸು ಅವಳದು. ಎರಡೂ ಮನೆಗಳ ಬಾಗಿಲ ಮೇಲೆ ಕಟ್ಟಿದ ವರ್ಷ ಕೆತ್ತಿದ ಕಲ್ಲುಗಳಿದ್ದವು. ಕಟಕೋಳದ ಕಲ್ಲು ‘ಶಕೆ ೧೭೩೯’ ಎಂದು ಚೊಕ್ಕವಾಗಿ ಹೇಳುತ್ತಿತ್ತು. ಅದನ್ನು ಬರೆದುಕೊಂಡು ಅವಳು ಹೂಲಿಗೆ ಬಂದಳು.

ಹೂಲಿಯ ಕಲ್ಲು ದೀಪಾವಳಿಗೊಮ್ಮೆ ಹಸಿರು ಎಣ್ಣೆಬಣ್ಣ ಕುಡಿದು ಕುಡಿದು ಊದಿಕೊಂಡಿತ್ತು. ‘ಸನ ೧೨೨೧’ ಎಂಬಷ್ಟನ್ನು ಮಾತ್ರ ಮಹಾಂತಪ್ಪ ಕೆಂಪು ತುಂಬಿಸಿ ಕಾಣುವಂತೆ ಇಟ್ಟಿದ್ದ. ಅದರ ಹಿಂದಿನ ಶಬ್ದ ಬಣ್ಣದಡಿ ಹೂತುಹೋಗಿತ್ತು.

“ಹನ್ನೆರಡನೂರಾ ಇಪ್ಪತ್ತೊಂದು!” ಎಂದ ಮಹಾಂತಪ್ಪ, ಕಲ್ಲನ್ನು ತಾನೇ ಕೆತ್ತಿದವನಂತೆ. “ಕಟಕೋಳದವರದು ಹದಿನೇಳನೂರಾ ಮೂವತ್ತೊಂಬತ್ತು. ಐದನೂರ ವರ್ಷ ಹಿರೇರು ನಾವು. ಇದಕ್ಕ ಕಾಲೇಜ ಬೇಕೇನವಾ? ಕಳಿಯೋ ಲೆಕ್ಕ ಬಂದ್ರ ಸಾಕು.”

“ಅಜ್ಜಾ, ಆವಾಗ ಇಲ್ಲಿ ಇಂಗ್ಲಿಷ್ ಇಸವಿ ಯಾರ ಎಣಸ್ತಿದ್ರರಿ? ಇದು ಬ್ಯಾರೆ ಸನ.”

“ಸನ ಅಂದ್ರ ಸನ. ಚಾ ಕುಡಿ.”

ಮುಂದಿನ ವಾರ ಇಬ್ಬರೂ ಮದುವೆಯ ಮಾತುಕತೆಗೆ ಸವದತ್ತಿಗೆ ಬಂದರು. ಪಡಸಾಲೆಯ ಆ ತುದಿಗೊಬ್ಬ, ಈ ತುದಿಗೊಬ್ಬ ಕುಳಿತರು. ಉಮಾಶ್ರೀ ನಡುವೆ ಕುಳಿತು ಬಿಡಿಸಿ ಹೇಳಿದಳು.

“ಆಳವ್ರು ಬದಲಾದಂಗ ವರ್ಷ ಎಣಸೋದೂ ಬದಲಾಗ್ತಿತ್ತರಿ. ಕಟಕೋಳದ್ದು ಶಕೆ. ಅದಕ್ಕ ಎಪ್ಪತ್ತೆಂಟ ಕೂಡಸಿದ್ರ ೧೮೧೭. ಹೂಲಿದು ಫಸಲಿ ಸನ ಇದ್ರ ಐದನೂರಾ ತೊಂಬತ್ತ ಕೂಡಸಬೇಕು. ಅಂದ್ರ ೧೮೧೧.”

ಐದುನೂರು ವರ್ಷ ಒಂದೇ ಉಸಿರಿಗೆ ಆರು ವರ್ಷವಾಗಿದ್ದಕ್ಕೆ ಮಹಾಂತಪ್ಪನ ಮುಖ ಇಳಿಯಿತು. ಆದರೆ ಅವನು ಸುಧಾರಿಸಿಕೊಂಡ. “ಇರ್ಲಿ. ಆರ ವರ್ಷಾದ್ರೂ ಹಳೇ ಮನಿ ನಮ್ಮದಾತಲ್ಲ. ಕಟಕೋಳದವರ, ಕೇಳಿಸ್ತರಿಲ್ಲೋ?”

ಅಂದಾನೆಪ್ಪ ತಂಬಾಕು ತಿಕ್ಕುತ್ತ ಕುಳಿತಿದ್ದ. ತಿಕ್ಕುವುದು ನಿಂತಿತು. ಮೊದಲು ಅವನ ಮೀಸೆ ನಕ್ಕಿತು, ಆಮೇಲೆ ಹೊಟ್ಟೆ.

“ಕೇಳಿಸ್ತರಿ. ಹಳೇ ಮನಿ ನಿಮ್ಮದು, ಪಾಲಾದ ಮ್ಯಾಲ ಕಟ್ಟಿದ್ದು ನಮ್ಮದು. ಹಂಗಾರ ಒಂದ ಮಾತ ಹೇಳ್ರಿ. ನಮ್ಮ ಕಡೆ ಪಾಲ ಮಾಡವ ಯಾರು?”

“ಹಿರಿಯ ಮಾಡತಾನ, ಕಿರಿಯ ಆರಸ್ತಾನ. ಇದೇನ ಕೇಳೂದು?”

“ಕಟ್ಟಿದ ಮನಿ ಬಿಟ್ಟು ಬರೇ ಜಾಗಾ ಆರಸೋ ಹುಚ್ಚ ತಮ್ಮನ್ನ ಎಲ್ಲ್ಯಾರ ನೋಡೀರೇನ್ರಿ?”

ಒಳಗೆ ಸಾವಿತ್ರೆವ್ವ ಒಗ್ಗರಣೆ ಹಾಕುವುದನ್ನು ನಿಲ್ಲಿಸಿದಳು. ಹಳೆಯ ಮನೆ ಯಾವಾಗಲೂ ತಮ್ಮನ ಪಾಲು. ಹೊರಗೆ ಹೋಗಿ ಹೊಸದು ಕಟ್ಟುವವನು ಅಣ್ಣ. ಅಂದರೆ ತನ್ನ ಮನೆಯೇ ಹಳೆಯದೆಂದು ಮಹಾಂತಪ್ಪ ಇಷ್ಟು ವರ್ಷ ಊರೂರು ಸಾರಿ, ತಾನೇ ಕಿರಿಯ ಕವಲೆಂದು ಸಾರಿಕೊಂಡು ಬಂದಿದ್ದ.

ಅವನು ತಲೆಯ ಪಟಕಾ ತೆಗೆದು ಮತ್ತೆ ಸುತ್ತಿಕೊಂಡ. ಆಮೇಲೆ ಬಹಳ ಮೆತ್ತಗೆ ಕೇಳಿದ: “ಉಮಾ, ಫಸಲಿ ‘ಇದ್ರ’ ಅಂದೆಲ್ಲವಾ. ಇಲ್ಲದಿದ್ರ?”

“ಅರಬಿ ಸನಾನೂ ಇರಬಹುದರಿ. ಅದಕ್ಕ ಐದನೂರಾ ತೊಂಬತ್ತೊಂಬತ್ತ ಕೂಡಸ್ತಾರ. ೧೮೨೦ ಆಗತದ.”

“ಅರಬಿನ ಅದು!” ಮಹಾಂತಪ್ಪ ತೊಡೆ ತಟ್ಟಿದ. “ನಮ್ಮ ಹಿರೇರು ಅರಬಿ ಬಿಟ್ಟು ಬ್ಯಾರೆ ಬರಸಿದವರ ಅಲ್ಲ! ನಮ್ಮದ ಹೊಸಾ ಮನಿ. ಕಟಕೋಳದ್ದು ಹಳೇದು, ಬಾಳ ಹಳೇದು!”

“ಅಯ್ಯ ಶಿವನ! ಹ್ವಾದ ವಾರ ಐದನೂರ ವರ್ಷದ ಹಿಂದಿದ್ದ ಮನಿ ಇವತ್ತ ನಮ್ಮದಕಿಂತ ಸಣ್ಣದಾತರಿ!” ಎಂದ ಅಂದಾನೆಪ್ಪ. “ಉಮಾ, ನೀನ ಹೇಳವಾ. ಫಸಲಿಯೋ, ಅರಬಿಯೋ?”

ನಾಲ್ಕು ಕಣ್ಣುಗಳು ಅವಳ ಮೇಲೆ ನೆಟ್ಟವು. ಉಮಾಶ್ರೀಗೆ ನಿಜಕ್ಕೂ ಗೊತ್ತಿರಲಿಲ್ಲ. ಒಂದು ಹೆಸರು ಹೇಳಿದರೆ ಒಬ್ಬ ಏಳುತ್ತಾನೆ, ಇನ್ನೊಂದು ಹೇಳಿದರೆ ಇನ್ನೊಬ್ಬ. ಇಸವಿ ಹಿಡಿದರೆ ಜಗಳ ಹರಿಯುತ್ತದೆ ಎಂದುಕೊಂಡಿದ್ದವಳಿಗೆ ಇದು ಹರಿಯಬಾರದ ಜಾಗ ಎಂದು ಅರ್ಥವಾಯಿತು.

“ಸನದ ಹಿಂದಿನ ಶಬ್ದ ಬಣ್ಣದ ಕೆಳಗ ಐತರಿ,” ಎಂದಳು. “ಕೆರದ್ರ ಗೊತ್ತಾಗತದ. ಕೆರೀಲೇನ್ರಿ?”

ಮಹಾಂತಪ್ಪ ಸೂರು ನೋಡಿದ. ಫಸಲಿ ಎಂದು ಬಂದರೆ? ಅಂದಾನೆಪ್ಪ ತಂಬಾಕು ನೋಡಿದ. ಅರಬಿ ಎಂದು ಬಂದರೆ?

“ಈಗ ಬ್ಯಾಡ,” ಎಂದ ಒಬ್ಬ.

“ಅವಸರ ಏನೈತಿ?” ಎಂದ ಇನ್ನೊಬ್ಬ. ಆ ಇಬ್ಬರೂ ಒಂದೇ ಮಾತಿಗೆ ಬಂದದ್ದನ್ನು ಉಮಾಶ್ರೀ ಮೊದಲ ಸಲ ನೋಡಿದಳು.

“ಹಂಗಾರ ಕೇಳ್ರಿ. ನನ್ನ ಲಗ್ನದಾಗ ಯಾರ ಉಣ್ಣದ ಎದ್ದ ಹೋಗತೀರಿ ನೋಡ್ರಿ, ಮರುದಿನ ಬ್ರಷ್ಷು, ಸೋಡಾ ತಗೊಂಡು ಹೂಲ್ಯಾಗ ಇರತೇನಿ. ಏನ ಬರತದೋ ಬರಲಿ, ಓದಿ ಊರಿಗೆಲ್ಲ ಹೇಳತೇನಿ.”

ಮದುವೆಯಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಬಡಿಸುವವರು ಬೇಡವೆಂದರೂ ಬಿಡದೆ ಹೋಳಿಗೆ ಹಾಕಿಸಿಕೊಂಡು ಉಂಡರು. ಸಾವಿತ್ರೆವ್ವ ಎಲೆಯಡಿಕೆಯ ತಾಟು ತಂದಾಗ ಮಹಾಂತಪ್ಪ, “ಕಟಕೋಳದವರ, ಮೊದಲ ನೀವು,” ಎಂದ. “ಛೇ, ಹೂಲಿಯವರ, ನೀವ ತಗೋರಿ,” ಎಂದ ಅಂದಾನೆಪ್ಪ. ಇಬ್ಬರ ಕಣ್ಣೂ ಮದುಮಗಳ ಕಡೆಗೇ ಇತ್ತು. ತಾಟು ನಡುವೆಯೇ ಉಳಿಯಿತು. ಸಾವಿತ್ರೆವ್ವ ಸ್ವಲ್ಪ ಹೊತ್ತು ಕಾದು, ತಿರುಗಿ ನಡೆದು, ರಾಮದುರ್ಗದ ಪದ್ಮವ್ವನ ಮುಂದೆ ಹಿಡಿದಳು.

“ಬೀಗತ್ಯಾರ, ಮೊದಲ ಎಲಿಅಡಿಕಿ ನಿಮಗರಿ.”

ಪದ್ಮವ್ವ ಸೆರಗು ಸರಿಮಾಡಿಕೊಂಡು ಎರಡೂ ಕೈಯಿಂದ ತಗೊಂಡಳು. ಅಂದಿನಿಂದ ರಾಮದುರ್ಗದಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಬರೀ ಉಪ್ಪಿನ ಮಾತು ಆಗುತ್ತಿತ್ತು.

ದೀಪಾವಳಿಗೆ ಉಮಾಶ್ರೀ ಗಂಡನ ಜೊತೆ ಹೂಲಿಗೆ ಹೋದಳು. ಮಹಾಂತಪ್ಪ ಏಣಿ ಹತ್ತಿ ಕಲ್ಲಿಗೆ ಎರಡನೇ ಕೈ ಬಣ್ಣ ಹಚ್ಚುತ್ತಿದ್ದ. ಈ ಸಲ ಕೆಂಪು ಅಂಕಿಗಳೂ ಹಸಿರಾಗಿದ್ದವು. ಕೆಳಗೆ ಏಣಿ ಹಿಡಿದು, ಬಣ್ಣದ ಡಬ್ಬಿ ಎತ್ತಿಕೊಡುತ್ತ ನಿಂತವನು ಅಂದಾನೆಪ್ಪ.

“ಆ ಮೂಲ್ಯಾಗ ಇನ್ನಷ್ಟ ಬಳೀರಿ, ಹೂಲಿಯವರ,” ಎನ್ನುತ್ತಿದ್ದ. “ಅಲ್ಲೇನೋ ಅಕ್ಷರ ಕಂಡಂಗಾಗತೈತಿ.”