ಸೊನೆಯ ಹುಣ್ಣಲ್ಲ

ಒಂಬತ್ತು ವರ್ಷ ನಾನು ಅದನ್ನು ಮಾವಿನ ಸೊನೆ ಎಂದೇ ಹೇಳಿದೆ. ಬೇರೆ ಯಾರೋ ತಲೆಗೆ ತುಂಬಿದ ಮಾತಲ್ಲ, ನನ್ನದೇ. ಶ್ರೀನಿವಾಸಪುರದ ಮಂಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಹಣ್ಣು ವಿಂಗಡಿಸುತ್ತಿರುವ ಶಾಮಲಮ್ಮನಿಗೆ ಸೊನೆಯ ವಿಷಯ ಇನ್ನೊಬ್ಬರು ಹೇಳಿಕೊಡಬೇಕೇ? ಯಾರಾದರೂ ಬಾಯಿ ತೆರೆದರೆ ಹೀಗೆಯೇ ಗದರಿ ಕಳಿಸುತ್ತಿದ್ದೆ.

ಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಅಂಟು ರಸವೇ ಸೊನೆ. ತಾಗಿದ ಕಡೆ ಚರ್ಮ ಸುಟ್ಟು ಹುಣ್ಣಾಗುತ್ತದೆ. ಮೇ ತಿಂಗಳು ಬಂತೆಂದರೆ ನಮ್ಮ ಕಡೆ ಯಾವ ಮಗುವಿನ ತುಟಿ ನೋಡಿದರೂ ಅದೇ. ಅದಕ್ಕೆಲ್ಲ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ, ಕೊಬ್ಬರಿ ಎಣ್ಣೆ ಸವರಿ ಸುಮ್ಮನಾಗುತ್ತಾರೆ. ನನ್ನ ಮಗಳು ರಜನಿಗೆ ಹದಿನಾರು ವರ್ಷವಾಗಿದ್ದಾಗ ಬಾಯಿ ತುಂಬ ಹುಣ್ಣೆದ್ದವು. ನಾನೂ ಎಣ್ಣೆ ಸವರಿದೆ, ಬೈದೆ. ‘ತೊಳೀದೇ ತಿಂದಿದ್ದೀಯ ಕಳ್ಳಿ’ ಎಂದೆ. ಸಂಕ್ರಾಂತಿಯ ಹೊತ್ತಿಗೆ ಮತ್ತೆ ಎದ್ದವು. ಆಗ ಮರದಲ್ಲಿ ಹೂವು ಮಾತ್ರ ಇತ್ತು. ‘ಮಾವಿನ ಉಪ್ಪಿನಕಾಯಿ ನೆಕ್ಕಿದ್ದೀಯ’ ಎಂದೆ. ನನ್ನ ಬುದ್ಧಿಗೆ ಬೆಂಕಿ ಬೀಳ! ಹುಡುಗಿ ರಾಗಿ ಗಂಜಿಯನ್ನು ಚಮಚದಲ್ಲಿ ಗಂಟಲಿಗೆ ಸುರಿದುಕೊಂಡು ಕಣ್ಣೀರು ಒರೆಸಿಕೊಳ್ಳುತ್ತಿದ್ದಳು.

ಅವಳಪ್ಪ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ನಾವಿಬ್ಬರೇ. ಅವಳಿಗೆ ಇಪ್ಪತ್ತು ತುಂಬಿದ ವರ್ಷ ಒಂದು ದಿನ ಬಚ್ಚಲಮನೆಯ ಬಾಗಿಲಲ್ಲಿ ನಿಂತು, ‘ಅಮ್ಮಾ, ಕೆಳಗೂ ಹುಣ್ಣಾಗಿದೆ, ಕೂರಕ್ಕಾಗ್ತಿಲ್ಲ’ ಎಂದಳು.

ನಾನು ಹೊಡೆದೆ. ಕೆನ್ನೆಗೆ ಫಟೀರೆಂದು ಒಂದು ಕೊಟ್ಟೆ.

‘ಯಾವನ ಜೊತೆ ತಿರುಗ್ಬಿಟ್ಟು ಬಂದ್ಯೇ?’

ಅವಳು ಬಚ್ಚಲಮನೆಯ ಬಾಗಿಲು ಹಾಕಿಕೊಂಡಳು. ಅಲ್ಲಿಂದಾಚೆಗೆ ಕೆಳಗಿನ ಹುಣ್ಣಿನ ಮಾತನ್ನು ನನ್ನ ಬಳಿ ಎತ್ತಲೇ ಇಲ್ಲ. ವೇಮಗಲ್ಲಿನ ಕಾರ್ಖಾನೆಗೆ ಸೇರಿದಳು. ಸಣ್ಣ ಸಣ್ಣ ಬಿಡಿಭಾಗಗಳನ್ನು ಭೂತಗನ್ನಡಿಯ ಕೆಳಗಿಟ್ಟು ಗೀರು, ಬಿರುಕು ಹುಡುಕುವ ಕೆಲಸ. ‘ರಜನಿ ಕಣ್ಣು ತಪ್ಪಿಸಿ ಒಂದು ಪೀಸೂ ಹೋಗಲ್ಲ’ ಎಂದು ಸೂಪರ್‌ವೈಸರ್ ಹೇಳಿದ್ದನ್ನು ಮನೆಗೆ ಬಂದು ನಗುತ್ತ ಹೇಳಿದ್ದಳು.

ಹೋದ ವರ್ಷ ಆ ಕಣ್ಣೇ ಕೆಂಪಾಯಿತು. ಎಡಗಡೆಯದು. ಹೊಗೆ ತುಂಬಿದಂತೆ ಕಾಣುತ್ತದೆ ಎಂದಳು. ಕಣ್ಣುಬೇನೆ ಎಂದು ಹತ್ತು ದಿನ ಅಂಗಡಿಯ ಡ್ರಾಪ್ಸ್ ಹಾಕಿ ಕೊನೆಗೆ ಕೋಲಾರದ ದೊಡ್ಡ ಆಸ್ಪತ್ರೆಗೆ ಹೋದೆವು. ಕಣ್ಣು ನೋಡಿದವರು ಇನ್ನೊಬ್ಬ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಆಕೆ ಕಣ್ಣಿನ ಸುದ್ದಿ ಬಿಟ್ಟು ಬಾಯಿಯ ಸುದ್ದಿ ಕೇಳಿದಳು.

‘ಬಾಯಲ್ಲಿ ಹುಣ್ಣಾಗುತ್ತಾ? ವರ್ಷಕ್ಕೆ ಎಷ್ಟು ಸಲ? ಕೆಳಗೆ?’

ರಜನಿ ನನ್ನ ಮುಖ ನೋಡಿದಳು. ಆಮೇಲೆ ‘ಆಗುತ್ತೆ ಮೇಡಂ’ ಎಂದಳು.

ಡಾಕ್ಟರಮ್ಮ ಅವಳ ಮುಂಗೈಗೆ ಬರಿಯ ಸೂಜಿ ಚುಚ್ಚಿ ಎರಡು ದಿನ ಬಿಟ್ಟು ಬರಹೇಳಿದಳು. ಹೋಗುವಷ್ಟರಲ್ಲಿ ಚುಚ್ಚಿದ ಜಾಗದಲ್ಲಿ ಕೀವು ತುಂಬಿದ ಗುಳ್ಳೆ ಎದ್ದಿತ್ತು. ರಕ್ತದ ರಿಪೋರ್ಟುಗಳನ್ನೂ ನೋಡಿ ಆಕೆ ಕಾಯಿಲೆಯ ಹೆಸರು ಹೇಳಿದಳು. ಬೆಹ್ಚೆಟ್. ನನ್ನ ನಾಲಿಗೆ ಅದಕ್ಕೆ ತಿರುಗಲೇ ಇಲ್ಲ.

‘ಮೈ ಕಾಯ್ಬೇಕಾದ ರಕ್ತದ ಕಣಗಳೇ ದಾರಿ ತಪ್ಪಿ ಮೈಮೇಲೆ ಬೀಳ್ತವೆ ಅಮ್ಮ. ಬಾಯಿ, ಕೆಳಗಡೆ, ಕಣ್ಣು, ಎಲ್ಲಿ ಬೇಕಾದ್ರೂ. ಹೋಗುತ್ತೆ, ಮತ್ತೆ ಬರುತ್ತೆ. ಲಕ್ಷದಲ್ಲಿ ಒಬ್ಬರಿಗೋ ಇಬ್ಬರಿಗೋ ಬರೋದು. ಇದು ಯಾರಿಂದಲೂ ಅಂಟಲ್ಲ. ನಿಮ್ಮ ಮಗಳು ಯಾವ ತಪ್ಪೂ ಮಾಡಿಲ್ಲ.’

ಆ ಕೊನೆಯ ಮಾತು ಕೇಳಿ ನಾನು ತಲೆ ತಗ್ಗಿಸಿದೆ. ರಜನಿ ಗೋಡೆ ನೋಡುತ್ತಿದ್ದಳು. ಅಲ್ಲೇ ಅವಳ ಕಾಲು ಹಿಡಿದುಕೊಳ್ಳಬೇಕಿತ್ತು, ಹಿಡಿಯಲಿಲ್ಲ.

ಎಡಗಣ್ಣಿನ ದೃಷ್ಟಿ ಹೋದದ್ದು ಹೋಯಿತು, ಬಲಗಣ್ಣು ಉಳಿಸಿಕೊಳ್ಳಬೇಕು ಎಂದರು. ಅದಕ್ಕೆ ಮಾತ್ರೆಗಳು. ಅದರಲ್ಲೊಂದು ಸಣ್ಣ ಬಿಳಿ ಮಾತ್ರೆಯನ್ನು ತೋರಿಸಿ ಡಾಕ್ಟರಮ್ಮ ಬೆರಳೆತ್ತಿ ಹೇಳಿದಳು: ‘ಇದನ್ನ ಮಾತ್ರ ನಾನು ಹೇಳೋವರೆಗೂ ಒಂದು ದಿನಾನೂ ಬಿಡಬಾರದು.’

ಒಂದೇ ಕಣ್ಣಾದ ಮೇಲೆ ರಜನಿ ಕಾರ್ಖಾನೆ ಬಿಟ್ಟಳು, ಮಾತ್ರೆಗಳ ಮೇಲಿನ ಸಣ್ಣ ಅಕ್ಷರವೂ ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ವಾರದ ಡಬ್ಬಿಗೆ ಮಾತ್ರೆ ತುಂಬುವುದು ನನ್ನ ಕೆಲಸವಾಯಿತು. ನನಗೆ ಓದು ಬಾರದು, ಆದರೆ ಬಣ್ಣ, ಗಾತ್ರ ನೋಡಿ ಬೇರೆ ಮಾಡುವುದರಲ್ಲಿ ಈ ಕೈ ಪಳಗಿದ್ದು. ಬಿಳಿದು ಇಲ್ಲಿ, ಹಳದಿ ಅಲ್ಲಿ, ದಪ್ಪಂದು ರಾತ್ರಿಗೆ. ಒಂದು ದಿನವೂ ತಪ್ಪಲಿಲ್ಲ. ಹುಣ್ಣುಗಳು ಮಾಯವಾದವು. ಈ ಸಲದ ಮೇ ತಿಂಗಳಲ್ಲಿ ರಜನಿ ನನ್ನೆದುರು ಕೂತು ಖಾರದ ಚಟ್ನಿ ಹಾಕಿಕೊಂಡು ಮುದ್ದೆ ಉಂಡಳು. ಆದರೆ ಮುಖ ಊದಿ ಗುಂಡಗಾಯಿತು. ಕುತ್ತಿಗೆಯ ಹಿಂದೆ ಮಾಂಸ ಬೆಳೆಯಿತು. ಬೀದಿಯವರು ‘ಏನೇ, ಅಮ್ಮ ಚೆನ್ನಾಗಿ ತಿನ್ನಿಸ್ತಿದ್ದಾಳಾ?’ ಎಂದು ಕೇಳುವಾಗ ಅವಳು ವೇಲನ್ನು ಕೆನ್ನೆಗೆ ಎಳೆದುಕೊಳ್ಳುತ್ತಿದ್ದಳು.

ಮಾವಿನ ಕಾಲ ಮುಗಿದು ಮಂಡಿ ಖಾಲಿಯಾದ ಮೇಲೆ ನನ್ನ ತಮ್ಮ ಮುನಿಕೃಷ್ಣ ಒಂದು ಸಂಬಂಧ ತಂದ. ಮಾಸ್ತಿಯ ಕಡೆಯವರು. ಹುಡುಗ ಕಾಂತರಾಜ್, ಹಾಲಿನ ಡೇರಿಯಲ್ಲಿ ಕೆಲಸ. ಒಂದು ಕಣ್ಣಿನ ಸಮಾಚಾರ ತಿಳಿದೂ ಒಪ್ಪಿದ್ದಾರೆ ಎಂದ.

‘ಆದ್ರೆ ಅಕ್ಕಾ, ಈ ಮುಖ ನೋಡಿದ್ರೆ ಅವರಮ್ಮ ಎದ್ದೋಗ್ತಾಳೆ. ಹೋದ್ವರ್ಷದ ಫೋಟೋ ತೋರ್ಸಿದ್ದೀನಿ ನಾನು. ಮೂರು ವಾರ ಟೈಮೈತೆ, ಏನಾದ್ರೂ ಮಾಡು.’

ಏನು ಮಾಡಲಿ? ಮಾಡಬಾರದ್ದನ್ನು ಮಾಡಿದೆ. ಮುಖ ಊದಿಸುವುದು ಆ ಸಣ್ಣ ಬಿಳಿ ಮಾತ್ರೆಯೇ ಎಂದು ಡಾಕ್ಟರಮ್ಮನೇ ಹೇಳಿದ್ದಳು. ಹುಣ್ಣಿಲ್ಲ, ನೋವಿಲ್ಲ, ತೋಟದಲ್ಲಿ ಒಂದು ಕಾಯಿಲ್ಲ. ಒಂಬತ್ತು ವರ್ಷದ ಸೊನೆ ನನ್ನ ತಲೆಯಿಂದ ಇಳಿದೇ ಇರಲಿಲ್ಲ ನೋಡಿ. ಕಾಲ ಮುಗೀತು, ಕಾಯಿಲೆಯೂ ಮಲಗಿತು ಎಂದುಕೊಂಡೆ. ಡಬ್ಬಿಯಿಂದ ಬಿಳಿ ಮಾತ್ರೆ ತೆಗೆದು, ಅದೇ ಗಾತ್ರದ, ಅದೇ ಬಣ್ಣದ ಗ್ಯಾಸ್ಟ್ರಿಕ್ ಮಾತ್ರೆ ತುಂಬಿದೆ. ರಜನಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಒಪ್ಪುತ್ತಿರಲಿಲ್ಲ.

ಹದಿನೈದು ದಿನದಲ್ಲಿ ಮುಖ ಇಳಿಯತೊಡಗಿತು. ಹಳೆಯ ರಜನಿ ಹೊರಗೆ ಬರುತ್ತಿದ್ದಳು, ನನಗೆ ಕುಣಿಯುವಷ್ಟು ಸಂತೋಷ. ಸುಸ್ತು, ವಾಂತಿ, ಮಂಡಿನೋವು ಎಂದಳು. ಮನೆಗೆಲಸದ ಆಯಾಸ ಎಂದೆ. ಗಂಡಿನ ಕಡೆಯವರು ಬರುವ ಭಾನುವಾರ ಬೆಳಿಗ್ಗೆ ಸೀರೆ ಉಡಿಸುವಾಗ ನೋಡಿದರೆ ಬಲಗಣ್ಣು ಕೆಂಪಗಿತ್ತು.

‘ಅಮ್ಮಾ, ಮಬ್ಬುಮಬ್ಬಾಗೈತೆ. ಹೆದ್ರಿಕೆ ಆಗ್ತಿದೆ. ಈಗ್ಲೇ ಕೋಲಾರಕ್ಕೆ ಹೋಗೋಣ.’

ಡಬ್ಬಿಯಿಂದ ತೆಗೆದ ಬಿಳಿ ಮಾತ್ರೆ ನೆನಪಾಯಿತು. ಆದರೂ ನನ್ನ ಬಾಯಿಂದ ಬಂದದ್ದು, ‘ಕಾಡಿಗೆ ತಾಗಿರ್ಬೇಕು ಕಣೇ. ಅವರು ಬಂದು ಹೋಗ್ಲಿ, ನಾಳೆ ಮೊದಲ ಬಸ್ಸಿಗೇ ಹೋಗೋಣ.’

ಅವರು ಹನ್ನೊಂದಕ್ಕೆ ಬರುತ್ತೇವೆ ಎಂದವರು ಮೂರಕ್ಕೆ ಬಂದರು. ರಜನಿ ಕಾಫಿ ತಂದಳು. ಹುಡುಗನ ತಾಯಿ ಕೈ ಚಾಚಿದ್ದು ಅವಳಿಗೆ ಕಾಣಲಿಲ್ಲ, ಲೋಟ ಜಾರಿ ಕೆಳಗೆ ಬಿತ್ತು. ‘ನಾಚಿಕೆ ಪಾಪ’ ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊರಡುವಾಗ ಆ ಹೆಂಗಸು ರಜನಿಯ ಗಲ್ಲ ಹಿಡಿದು, ‘ಲಕ್ಷಣವಾಗವ್ಳೆ, ನಮಗೆ ಒಪ್ಪಿಗೆ’ ಎಂದಳು.

ಸೋಮವಾರ ಡಾಕ್ಟರಮ್ಮ ಟಾರ್ಚ್ ಹಿಡಿದು ನೋಡಿ ಕುರ್ಚಿಗೆ ಒರಗಿ ಕೂತಳು.

‘ಮಾತ್ರೆ ಬಿಟ್ಟಿದ್ಯಾ ರಜನಿ?’

‘ಇಲ್ಲ ಮೇಡಂ. ಒಂದು ದಿನಾನೂ ಬಿಟ್ಟಿಲ್ಲ. ಅಮ್ಮನೇ ಕೈಗೆ ಹಾಕೋದು, ನೀವೇ ಕೇಳಿ.’

‘ಹಾಗಾದ್ರೆ ಈ ಮಾತ್ರೆ ನಿನಗೆ ಕೆಲಸ ಮಾಡ್ತಿಲ್ಲ ಅಂತ ಆಯ್ತು’ ಎನ್ನುತ್ತ ಆಕೆ ಬೇರೇನೋ ಬರೆಯತೊಡಗಿದಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸುಳ್ಳಿನ ಮೇಲೆ ಔಷಧಿ ಬರೆದರೆ ಇರುವ ಚೂರು ಬೆಳಕೂ ಹೋದೀತು. ‘ನಾನೇ ಬಿಡಿಸ್ದೆ’ ಎಂದೆ. ಮೂರು ವಾರದ ಕತೆಯನ್ನೆಲ್ಲ ಹೇಳಿದೆ. ಪೆನ್ನು ನಿಂತಿತು. ಬೈದಿದ್ದರೆ ಚೆನ್ನಾಗಿತ್ತು, ಆಕೆ ಬೈಯಲಿಲ್ಲ. ಅವತ್ತೇ ಅಡ್ಮಿಟ್ ಮಾಡಿಕೊಂಡು ಐದು ದಿನ ರಕ್ತನಾಳಕ್ಕೆ ಔಷಧಿ ಹರಿಸಿದರು. ಆರನೆಯ ದಿನ ರಜನಿಗೆ ಮುಖದ ಮುಂದೆ ಹಿಡಿದ ಬೆರಳುಗಳನ್ನು ಎಣಿಸಲು ಬಂತು. ಅದಕ್ಕಿಂತ ಹೆಚ್ಚು ಬಾರದು ಎಂದರು. ಮಾಸ್ತಿಯವರಿಗೆ ಮುನಿಕೃಷ್ಣ ಫೋನ್ ಮಾಡಿ ಬೇಡವೆಂದು ಹೇಳಿದ.

ಆ ಆರು ದಿನವೂ ಅವಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಊರಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದೆ. ಬೇಡ ಎನ್ನುವಂತೆ ತಲೆಯಾಡಿಸಿ ಈಚೆಯ ಸೀಟಿಗೆ ಸರಿದಳು. ಬಸ್ಸು ಕೋಲಾರ ದಾಟಿದ ಮೇಲೆ ಮೊದಲ ಸಲ ಬಾಯಿ ತೆರೆದಳು.

‘ಅಮ್ಮಾ, ಆ ಭಾನುವಾರ ನಾನು ಹೆಂಗೆ ಕಾಣ್ತಿದ್ದೆ?’

‘ತುಂಬಾ ಚೆನ್ನಾಗಿ ಕಾಣ್ತಿದ್ದೆ ಕಣೇ’ ಎಂದೆ.

‘ಹೌದಾ’ ಎಂದಳು. ‘ಕನ್ನಡಿ ಮುಂದೆ ನಿಂತಿದ್ದೆ. ಕಾಣಿಸಲಿಲ್ಲ.’

ಕಂಡಕ್ಟರ್ ಟಿಕೆಟ್ ಕೇಳಿಕೊಂಡು ಬಂದ. ಎರಡು ಶ್ರೀನಿವಾಸಪುರ ಎಂದು ಅವಳೇ ಹೇಳಿದಳು.