ಬಲಗಡೆಯ ದೀಪದಲ್ಲಿ ಮೂವತ್ತೇಳು ಹನಿ

ಜುಲೈ ಹನ್ನೊಂದು, ಬೆಳಿಗ್ಗೆ ಆರೂವರೆ. ಔಷಧಿ ಅಂಗಡಿಯ ಯಜಮಾನರ ಕಾರಿನ ಬಲಗಡೆಯ ಹೆಡ್‌ಲೈಟಿನಲ್ಲಿ ಮೂವತ್ತೇಳು ಹನಿ ನೀರಿತ್ತು. ಗಾಜಿನ ಹೊರಗಲ್ಲ, ಒಳಗೆ. ಯಜಮಾನರು ಬಗ್ಗಿ, ಮಾತ್ರೆ ಎಣಿಸುವಂತೆ ತೋರುಬೆರಳಿನಿಂದ ಒಂದೊಂದನ್ನೇ ಎಣಿಸಿದರು. ಕರವಸ್ತ್ರದಿಂದ ಉಜ್ಜಿದರು. ಹನಿ ಅಲುಗಲಿಲ್ಲ. ಎಡಗಡೆಯ ದೀಪದಲ್ಲಿ ತೆಳುವಾದ ಮಂಜು ಮಾತ್ರ ಇತ್ತು.

ಮುಚ್ಚಿದ ಗಾಜಿನೊಳಗೆ ನೀರು ತಾನಾಗಿ ಹೋಗುವುದಿಲ್ಲ, ಯಾರೋ ಹೋಗಿಸಿರಬೇಕು. ಕಾರಿನ ಮೇಲೆ ನೀರು ಹಾಕುವವನು ಒಬ್ಬನೇ. ಆದ್ದರಿಂದ ಅವನೇ. ಯಜಮಾನರ ತರ್ಕ ಮೂರು ಹೆಜ್ಜೆಯಲ್ಲಿ ಮುಗಿಯಿತು.

ಆ ಬೀದಿಯಲ್ಲಿ ಒಂಬತ್ತು ಕಾರುಗಳು. ಒಂಬತ್ತನ್ನೂ ತೊಳೆಯುತ್ತಿದ್ದವನು ಐವತ್ತೈದು ವರ್ಷದ ಒಬ್ಬ ಮನುಷ್ಯ. ಎರಡು ಕೈಗೂ ಎರಡು ಬಕೆಟ್ ಸದಾ ಇರುತ್ತಿದ್ದುದರಿಂದ ಬೀದಿ ಅವನನ್ನು ಬಕೆಟ್ಟಣ್ಣ ಎಂದು ಕರೆಯುತ್ತಿತ್ತು. ಅವನ ಮನೆಯ ಒಲೆ ಉರಿಯುತ್ತಿದ್ದುದು ಈ ಒಂಬತ್ತು ಕಾರುಗಳಿಂದಲೇ.

"ಬಕೆಟ್ಟಣ್ಣಾ, ಬಾ ಇಲ್ಲಿ. ಇದೇನು?"

"ನೀರು ಸಾರ್."

"ನೀರು ಅಂತ ನಂಗೂ ಗೊತ್ತು. ಒಳಗೆ ಹೇಗೆ ಹೋಯ್ತು?"

"ನಾನು ಮೇಲೆ ತೊಳೆಯೋನು ಸಾರ್. ಒಳಗಿಂದು ದೇವರಿಗೇ ಗೊತ್ತು."

"ದೇವರು ನಮ್ಮ ಬೀದೀಲಿ ಕಾರು ತೊಳೆಯಲ್ಲ. ಪೈಪಿಟ್ಟು ಜೋರಾಗಿ ಹೊಡೆದ್ಯಾ?"

"ಪೈಪು ಎಲ್ಲಿದೆ ಸಾರ್ ನನ್ನ ಹತ್ರ? ಎರಡು ಬಕೆಟ್ಟು, ಒಂದು ಮಗ್ಗು, ಈ ಬಟ್ಟೆ." ಹೀಗೆಂದು ಅವನು ಹೆಗಲ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡ.

"ನೋಡು, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ."

"ನನ್ನ ಹೆಗಲ ಮೇಲಿರೋದು ಒದ್ದೆ ಬಟ್ಟೆ ಸಾರ್" ಎಂದು ಬಕೆಟ್ಟಣ್ಣ ಮುಂದಿನ ಕಾರಿಗೆ ನಡೆದ.

ಆ ನಡೆ ಯಜಮಾನರಿಗೆ ಸರಿಕಾಣಲಿಲ್ಲ. ಮೂರು ವಾರದ ಹಿಂದೆ ತಡವಾಗಿ ಬಂದುದಕ್ಕೆ ಅವನನ್ನು ಗದರಿದ್ದು ನೆನಪಾಯಿತು. ಕಾರಣವೂ ಸಿಕ್ಕಿದ ಮೇಲೆ ಅನುಮಾನಕ್ಕೆ ಇನ್ನೇನು ಬೇಕು?

ಅಂದು ಅಂಗಡಿಗೆ ಮೂಲೆಮನೆಯ ಟೀಚರಮ್ಮ ಬಂದರು. ಯಜಮಾನರು ನಾಲ್ಕು ಪಟ್ಟಿ ಮಾತ್ರೆ ಜೋಡಿಸಿದರು. ಗಲ್ಲಾದ ಪಕ್ಕದ ಕಪ್ಪು ಬಟ್ಟಲಿನಿಂದ ಒಂದು ರಬ್ಬರ್ ಬ್ಯಾಂಡ್ ತೆಗೆದು ಬಿಗಿದರು.

"ನಿಮ್ಮ ಕಾರಿನ ಲೈಟು ಒಂದ್ಸಲ ನೋಡ್ಕೊಳ್ಳಿ ಟೀಚರಮ್ಮ. ನಾನೇನೂ ಹೇಳಲ್ಲ, ನೋಡ್ಕೊಳ್ಳಿ ಅಷ್ಟೇ."

"ಯಾಕಪ್ಪಾ?"

"ಕೆಲವರು ಸಿಟ್ಟನ್ನ ಬಾಯಲ್ಲಿ ತೀರಿಸ್ಕೊಳ್ಳಲ್ಲ. ನಮ್ಮ ವಸ್ತು ಮೇಲೆ ತೀರಿಸ್ಕೊಳ್ತಾರೆ."

"ಯಾರು, ಬಕೆಟ್ಟಣ್ಣನಾ? ಹತ್ತು ವರ್ಷದಿಂದ ಬರ್ತಿದಾನಲ್ಲಪ್ಪ!"

"ನಾನು ಹೆಸರು ಹೇಳಿದ್ನಾ? ನೀವೇ ಹೇಳಿದ್ರಿ."

ಇದೇ ಮಾತು ನಾಲ್ಕು ದಿನದಲ್ಲಿ ಐದು ಮನೆ ತಲುಪಿತು. ಆರನೆಯ ದಿನಕ್ಕೆ ಮೂರು ಮನೆಯವರು ಬಕೆಟ್ಟಣ್ಣನಿಗೆ, "ನಾಳೆಯಿಂದ ಬೇಡ" ಎಂದರು. ಯಜಮಾನರ ಕಾರೂ ಸೇರಿ ಒಂಬತ್ತರಲ್ಲಿ ನಾಲ್ಕು ಕಳೆದರೆ ಐದು ಎಂಬುದು ಪಾಟಿಯ ಮೇಲಿನ ಲೆಕ್ಕ. ಬೀದಿಯ ಲೆಕ್ಕ ಬೇರೆ. ಅಲ್ಲಿ ನಾಲ್ಕು ಹೋದರೆ ಉಳಿದ ಐದೂ ಹೋಗುವ ದಾರಿಯಲ್ಲಿರುತ್ತವೆ.

ಯಜಮಾನರು ತಮ್ಮ ಕಾರನ್ನು ಮುಟ್ಟಬಾರದೆಂದು ಅವನಿಗೆ ಮೊದಲೇ ಹೇಳಿದ್ದರು. ಅಂಗಡಿಯಿಂದ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಸುರುಳಿ ತಂದು ದೀಪದ ಗಾಜಿನ ಅಂಚಿನ ಸುತ್ತ ಅಂಟಿಸಿದ್ದರು.

"ಕಾರಿಗೆ ಜ್ವರವೂ ಇದೆಯೇನ್ರೀ?" ಎಂದು ಮಡದಿ ಕೇಳಿದರು.

ಪ್ರತಿ ಬೆಳಿಗ್ಗೆ ಯಜಮಾನರು ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಸರಿಸಿ ಕಾವಲು ಕಾದರು. ಬಕೆಟ್ಟಣ್ಣ ಆ ಕಾರಿನ ಬಳಿ ಸುಳಿಯಲಿಲ್ಲ. ಎರಡು ಮಳೆ ಬಂದು ಹೋದವು. ಹದಿನೆಂಟನೆಯ ತಾರೀಖು ಎಣಿಸಿದಾಗ ಹನಿ ಐವತ್ತೆರಡು. ತಳದಲ್ಲಿ ಒಂದು ಚಮಚದಷ್ಟು ನೀರು ಬೇರೆ.

"ಅವನು ಮುಟ್ಟೇ ಇಲ್ವಲ್ಲ. ಮತ್ತೆ ಹೇಗೆ ಹೆಚ್ಚಾಯ್ತು?" ಎಂದರು ಮಡದಿ.

"ನಾವು ಮಲಗಿದಾಗ ಬಂದಿರ್ತಾನೆ."

"ಒಂದು ಚಮಚ ನೀರು ಹಾಕೋಕೆ ನಿದ್ದೆಗೆಟ್ಟು ಬಂದ್ನಾ? ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅಂತಾರೆ. ನಿಮ್ಮ ಅಂಗಡೀಲಿ ಅದಕ್ಕೆ ಔಷಧಿ ಇಲ್ವಾ?"

ಇಪ್ಪತ್ತನೆಯ ತಾರೀಖು, ಭಾನುವಾರ, ಮಡದಿಯ ತಂಗಿ ಬಂದಳು. ಅವಳು ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್; ದಿನಕ್ಕೆ ನಲವತ್ತು ಬಸ್ಸುಗಳ ದೀಪ ನೋಡುವವಳು. ಪ್ಲಾಸ್ಟರ್ ಕಂಡೊಡನೆ ನಕ್ಕಳು.

"ಇದೇನ್ ಭಾವ, ಕಣ್ಣಿನ ಆಪರೇಷನ್ ಮಾಡಿಸಿದೀರಾ?"

"ನಗು, ನಗು. ಆ ಬಕೆಟ್ಟಣ್ಣ ಮಾಡಿದ ಕೆಲಸ ಇದು. ಮಾತ್ರೆ ಡಬ್ಬೀಲಿ ತೇವ ಹೀರೋ ಪೊಟ್ಟಣ ಇರುತ್ತಲ್ಲ, ಎರಡು ತಂದಿದೀನಿ. ಒಳಗೆ ಹಾಕಿಬಿಡು."

"ಮೊದಲು ಲೈಟು ಹಾಕಿ, ನೋಡೋಣ."

ಕಾರನ್ನು ಮನೆಯ ಪಕ್ಕದ ಶೆಡ್ಡಿಗೆ ತಂದು, ಬಾಗಿಲು ಎಳೆದು ಕತ್ತಲು ಮಾಡಿದರು. ಎದುರಿನ ಗೋಡೆಯ ಮೇಲೆ ಎಡದೀಪದ ಬೆಳಕು ಗೆರೆ ಎಳೆದಂತೆ ಬಿತ್ತು. ಬಲದೀಪದ ಬೆಳಕು ಎಲ್ಲೆಲ್ಲೋ ಚೆಲ್ಲಿ, ನಡುವೆ ಮಸುಕಾಗಿ ನಿಂತಿತು.

"ನೋಡಿದ್ರಾ? ಮಳೇಲಿ ಮುಸ್ಸಂಜೆ ಹೊತ್ತು ಅಡ್ಡ ಬಂದವರು ನಿಮಗೆ ಕಾಣಲ್ಲ. ಎದುರಿನಿಂದ ಬರೋನಿಗೆ ಕಣ್ಣು ಕೋರೈಸುತ್ತೆ. ಯಾರು ಮಾಡಿದ್ರು ಅನ್ನೋದು ಆಮೇಲೆ ಭಾವ. ಒಂಬತ್ತು ದಿನದಿಂದ ಇದೇ ದೀಪದಲ್ಲಿ ಗಾಡಿ ಓಡಿಸ್ತಿದೀರಲ್ಲ!"

ಶೆಡ್ಡಿನ ಬಾಗಿಲು ತೆರೆದು, ದೀಪ ಹಾಗೆಯೇ ಉರಿಯಲು ಬಿಟ್ಟರು. ಇಪ್ಪತ್ತು ನಿಮಿಷಕ್ಕೆ ಎಡದೀಪದ ಮಂಜು ಪೂರ್ತಿ ಮಾಯವಾಯಿತು. ಬಲದೀಪದ ಹನಿ ಕದಲಲಿಲ್ಲ.

"ಇದೇ ವ್ಯತ್ಯಾಸ" ಎಂದಳು ನಾದಿನಿ. "ತೆಳು ಮಂಜು ಬಂದು, ಲೈಟು ಹಾಕಿದ ಮೇಲೆ ಹೋದ್ರೆ ಅದು ಕಾಯಿಲೆ ಅಲ್ಲ. ದೀಪ ಉರಿದಾಗ ಒಳಗಿನ ಗಾಳಿ ಹಿಗ್ಗುತ್ತೆ, ಆರಿದಾಗ ಕುಗ್ಗುತ್ತೆ. ಉಸಿರಾಡಲಿ ಅಂತ್ಲೇ ಹಿಂದುಗಡೆ ಸಣ್ಣ ಕೊಳವೆ ಇಟ್ಟಿರ್ತಾರೆ. ಹನಿ ಕೂತು, ತಳದಲ್ಲಿ ನೀರು ನಿಂತ್ರೆ ಮಾತ್ರ ಎಲ್ಲೋ ದೊಡ್ಡ ದಾರಿ ತೆರೆದಿದೆ ಅಂತ."

ಬಾನೆಟ್ ಎತ್ತಿ, ಬಲದೀಪದ ಹಿಂಬದಿಗೆ ಕೈ ಹಾಕಿದಳು. ಕೈ ಸೀದಾ ಒಳಗೆ ಹೋಯಿತು.

"ಭಾವ, ಇದರ ಮುಚ್ಚಳ ಎಲ್ಲಿ?"

"ನಾನು ಹೇಳಲಿಲ್ವಾ! ಅವನೇ ಕಿತ್ಕೊಂಡು ಹೋಗಿದಾನೆ!"

ಮಾತು ನೆನಪಿಗಿಂತ ಮೊದಲು ಬಂದಿತ್ತು.

"ಬಾನೆಟ್ ಬಿಡಿಸೋ ಹಿಡಿ ಎಲ್ಲಿದೆ?"

"ಸ್ಟೀರಿಂಗ್ ಕೆಳಗೆ."

"ಕಾರಿನ ಕೀಲಿ?"

"ನನ್ನ ಜೇಬಲ್ಲಿ."

"ಬಕೆಟ್ಟಣ್ಣ ನಿಮ್ಮ ಜೇಬಿಗೂ ಕೈ ಹಾಕಿದ್ನಾ? ಸರಿ, ಈ ಬಲ್ಬು ಯಾರು ಹಾಕಿದ್ದು? ಹಿಂದೆ ಬಿಸಿ ಆರಿಸೋ ಪುಟ್ಟ ಫ್ಯಾನ್ ಇದೆ."

"ನಾನೇ. ಏಪ್ರಿಲ್‌ನಲ್ಲಿ ಹಳೇದು ಸುಟ್ಟುಹೋಗಿತ್ತು. ಜಾಸ್ತಿ ಬೆಳಕು ಅಂತ ತಂದೆ."

ಅವಳು ಎಡದೀಪದ ಹಿಂದಿನ ಮುಚ್ಚಳವನ್ನು ತಿರುಗಿಸಿ ಬಿಚ್ಚಿ ಅವರ ಅಂಗೈ ಮೇಲಿಟ್ಟಳು. ದುಂಡಗಿನ ಕಪ್ಪು ಪ್ಲಾಸ್ಟಿಕ್, ಬಟ್ಟಲಿನಂತೆ ತಗ್ಗು, ಅಂಚಿನಲ್ಲಿ ರಬ್ಬರಿನ ಬಳೆ.

"ಇದರ ಜೋಡಿ ಬೇಕು."

ಯಜಮಾನರು ಅದನ್ನು ಅಂಗೈ ಮೇಲೆ ಮಗುಚಿದರು. ಮಡದಿ ಬಗ್ಗಿ ನೋಡಿದರು.

"ರೀ, ಇದು ನಮ್ಮ ಅಂಗಡಿಯ ರಬ್ಬರ್ ಬ್ಯಾಂಡ್ ಬಟ್ಟಲಿನ ಥರಾನೇ ಇದೆಯಲ್ವಾ?"

ಏಪ್ರಿಲ್‌ನಲ್ಲಿ ಹೊಸ ಬಲ್ಬಿನ ಬಾಲ ಉದ್ದವಾಗಿ ಮುಚ್ಚಳ ಕೂತಿರಲಿಲ್ಲ. ಧೂಳಿಗೆ ತಾನೇ ಮುಚ್ಚಳ ಎಂದುಕೊಂಡು ಯಜಮಾನರು ಅದನ್ನು ಅಂಗಡಿಗೆ ಒಯ್ದಿದ್ದರು. ಬೇಸಿಗೆ ಕಳೆಯುವವರೆಗೆ ಏನೂ ಆಗಲಿಲ್ಲ. ಬಕೆಟ್ಟಣ್ಣನ ಮೇಲೆ ದೂರು ಹೇಳಿದಾಗಲೆಲ್ಲ ಅವರ ಬೆರಳು ಅದೇ ಬಟ್ಟಲಿನೊಳಗಿತ್ತು.

"ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ" ಎಂದರು ಮಡದಿ.

"ಆ ಪೊಟ್ಟಣ ಹಾಕಿದ್ರೆ ಸಾಲದಾ?" ಯಜಮಾನರ ದನಿ ಇಳಿದಿತ್ತು.

"ಮುಚ್ಚಳ ಇಲ್ಲದ ಡಬ್ಬಿಗೆ ಪೊಟ್ಟಣ ಹಾಕಿಟ್ರೆ ನಿಮ್ಮ ಮಾತ್ರೆ ಉಳಿಯುತ್ತಾ ಭಾವ?"

ಈ ಮಾತು ಔಷಧಿ ಮಾರುವವರಿಗೆ ಅರ್ಥವಾಯಿತು.

ನಾದಿನಿ ದೀಪವನ್ನು ಬಿಚ್ಚಿ ನೀರು ಬಸಿದಳು. ಹಿಂಬದಿಯ ತೂತು ಕೆಳಮುಖವಾಗಿರುವಂತೆ ಒಂದು ಹಗಲು, ಒಂದು ರಾತ್ರಿ ಫ್ಯಾನಿನ ಕೆಳಗಿಟ್ಟಳು. ಉಸಿರಿನ ಕೊಳವೆಯಲ್ಲಿದ್ದ ಕೆಸರು ತೆಗೆದಳು. ಕಾರಿನ ಪುಸ್ತಕದಲ್ಲಿ ಹೇಳಿದ ಬಲ್ಬನ್ನೇ, ಗಾಜಿಗೆ ಬೆರಳು ತಾಗಿಸದೆ ಹಾಕಿದಳು. ರಬ್ಬರ್ ಬ್ಯಾಂಡುಗಳನ್ನು ಚೆಲ್ಲಿ ಬಂದ ಮುಚ್ಚಳ ತನ್ನ ಜಾಗದಲ್ಲಿ ಕೂತಿತು.

"ಈಗ ನೀರು ಹುಯ್ದು ನೋಡಬೇಕು. ಅವರನ್ನೇ ಕರೀರಿ" ಎಂದಳು.

ಯಜಮಾನರೇ ಹೋಗಿ ಕರೆತಂದರು. ಬಕೆಟ್ಟಣ್ಣ ದೀಪದ ಮೇಲೆ ಇಪ್ಪತ್ತು ಮಗ್ಗು ನೀರು ಹುಯ್ದ. ಒರೆಸಿದ. ಯಜಮಾನರು ಬಗ್ಗಿ ಎಣಿಸಿದರು. ಹನಿ ಸೊನ್ನೆ.

"ತಪ್ಪು ನಂದು ಬಕೆಟ್ಟಣ್ಣ. ಮುಚ್ಚಳ ನಮ್ಮ ಅಂಗಡೀಲೇ ಇತ್ತು. ನೀವು ಮನಸ್ಸಿಗೆ ಹಚ್ಕೋಬೇಡಿ."

ಬಕೆಟ್ಟಣ್ಣ ಮಗ್ಗನ್ನು ಬಕೆಟ್ಟಿನೊಳಗಿಟ್ಟ. "ನನಗೆ ಹೇಳಿ ಏನಾಗ್ಬೇಕು ಸಾರ್? ನಾನು ಕಿತ್ತಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಎಲ್ಲೆಲ್ಲಿ ಹೇಳಿದೀರೋ ಅಲ್ಲಲ್ಲಿ ಹೋಗಿ ಹೇಳಿ."

ಯಜಮಾನರು ಅಂದೇ ಹೊರಟರು. ಕೈಯಲ್ಲಿ ಸಾಕ್ಷಿಗೆಂದು ಆ ಫ್ಯಾನಿನ ಬಲ್ಬು ಹಿಡಿದಿದ್ದರು. ಮೊದಲ ಮನೆಯವರು ನಕ್ಕರು, ಎರಡನೆಯವರು ನಗಲಿಲ್ಲ. ನಾಲ್ಕು ಮನೆಯಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಕೈಬಿಟ್ಟಿದ್ದ ಮೂವರಲ್ಲಿ ಇಬ್ಬರು ಬಕೆಟ್ಟಣ್ಣನನ್ನು ಮತ್ತೆ ಕರೆದರು.

ಕಾರು ಇರುವವರೇ, ಕಾರು ಓಡಿಸಿ ಬದುಕುವವರೇ, ಮಳೆಗಾಲಕ್ಕೆ ಮೊದಲು ಒಂದು ಬೆಳಿಗ್ಗೆ ನಿಮ್ಮ ಗಾಡಿಯ ಮುಂದೆ ಬಗ್ಗಿ ನೋಡಿ. ತೆಳು ಮಂಜು ಬಂದು ಹೋಗುತ್ತಿದ್ದರೆ ಸುಮ್ಮನಿರಿ. ಹನಿ ನಿಂತಿದ್ದರೆ ಹಿಂಬದಿಯ ಮುಚ್ಚಳ, ಅದರ ರಬ್ಬರ್ ಬಳೆ, ಉಸಿರಿನ ಕೊಳವೆ, ಇಷ್ಟನ್ನು ಮೊದಲು ನೋಡಿ. ಅವು ಸರಿಯಿದ್ದೂ ನೀರು ಬಂದರೆ ಗಾಜು ಬಿರಿದಿರಬಹುದು, ಅಂಟು ಬಿಟ್ಟಿರಬಹುದು, ಬಲ್ಲವರಿಗೆ ತೋರಿಸಿ. ನೀರು ಹೋಗಲೆಂದು ತೂತು ಕೊರೆಯಬೇಡಿ, ಉಸಿರಿನ ದಾರಿಗೆ ಅಂಟು ಬಳಿಯಬೇಡಿ, ಬೆಂಕಿ ಹಿಡಿದು ಒಣಗಿಸಬೇಡಿ, ದೀಪದ ಅಂಚಿಗೆ ಜೋರು ನೀರು ಹೊಡೆಯಬೇಡಿ. ಮುಚ್ಚಳ ಕೂರದ ಬಲ್ಬು ಎಷ್ಟೇ ಬೆಳಗಲಿ, ನಿಮ್ಮ ಗಾಡಿಗೆ ಅದು ಬೇಡ. ಇಷ್ಟೆಲ್ಲ ನೋಡುವವರೆಗೆ ಯಾರ ಹೆಸರನ್ನೂ ಎತ್ತಬೇಡಿ, ಎತ್ತಿಸಲೂ ಬೇಡಿ.

ಐದನೆಯ ಮನೆ ಮೂಲೆಮನೆ. ಟೀಚರಮ್ಮ ಮಗಳ ಊರಿಗೆ ಹೋಗಿದ್ದಾರೆ, ಬಾಗಿಲಿಗೆ ಬೀಗ. ಕೇಳಿದ ಮಾತನ್ನು ಅಲ್ಲಿಗೂ ಒಯ್ದಿದ್ದಾರೋ ಇಲ್ಲವೋ ತಿಳಿಯದು. ಅವರ ಕಾರಿನ ಮೇಲೆ ಎಲೆಗಳು ಬಿದ್ದು ಅಂಟಿಕೊಂಡಿವೆ. ಯಜಮಾನರು ದಿನವೂ ಅಂಗಡಿಗೆ ಹೋಗುವಾಗ ಆ ಬೀಗ ನೋಡಿ ಹೋಗುತ್ತಾರೆ. ಐದರಲ್ಲಿ ನಾಲ್ಕು ತೀರಿದೆ. ಒಂದು ಬಾಕಿ.